ಬಾರದ ಮುಯ್ಯಾಳು

ಟಂಟಂ ಗಾಡಿಯ ಸದ್ದು ಕೇಳಿದ ಕೂಡಲೇ ದೇವಿಕಾ ಬಗ್ಗಿಸಿದ್ದ ಸೊಂಟ ನೆಟ್ಟಗೆ ಮಾಡಿದಳು. ಚೂಡಿದಾರದ ಮೇಲೆ ತೊಟ್ಟಿದ್ದ ಅಪ್ಪನ ಹಳೆಯ ಅಂಗಿಯ ಗುಂಡಿ ಸರಿಮಾಡಿಕೊಂಡಳು. ಕಡಲೆ ಗಿಡದ ಹುಳಿ ಹತ್ತಿ ಉರಿಯುತ್ತಿದ್ದ ಅಂಗೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ನೋಡದವಳ ಹಾಗೆ ಬದುವಿನ ಕಡೆ ನೋಡಿದಳು.

ಗಾಡಿಯಿಂದ ಇಬ್ಬರು ಇಳಿದರು. ಇಬ್ಬರಲ್ಲಿ ಸಿದ್ದಲಿಂಗ ಇರಲಿಲ್ಲ.

"ನರಗುಂದದಿಂದ ಬಂದೀವ್ರಿ. ಅಡತಿ ಅಂಗಡಿ ಪ್ರಭುಲಿಂಗಪ್ಪ ಸಾವ್ಕಾರ್ರ ಮಗಾ ಕಳಿಸ್ಯಾರ," ಎಂದ ಒಬ್ಬ. ಮೂಟೆ ಹೊತ್ತು ಹೊತ್ತು ಅಗಲವಾದ ಹೆಗಲು ಅವನದು. "ಕಡ್ಲಿ ಕೀಳೂದೈತಂತಲ್ರಿ. ಎಲ್ಲಿಂದ ಹಿಡೀಲಿ?"

ಬಿಸಿಲು ಆಗಲೇ ಏರಿತ್ತು. ಕಡಲೆ ಕೀಳುವುದು ಇಬ್ಬನಿ ಇರುವಾಗ. ಇಬ್ಬನಿ ಆರಿತೆಂದರೆ ಒಣಗಿದ ಕಾಯಿ ಕೈ ತಾಗಿದರೂ ನೆಲಕ್ಕೆ ಉದುರುತ್ತದೆ. ಅದಕ್ಕೇ ಅವ್ವ, ಪಕ್ಕದ ಹೊಲದ ಮಾಬೂಬಿ, ಓಣಿಯ ಇನ್ನಿಬ್ಬರು ಹೆಂಗಸರು ಕತ್ತಲಿರುವಾಗಲೇ ಬಂದು ಮುಕ್ಕಾಲು ಹೊಲ ಮುಗಿಸಿ ಕೂತಿದ್ದರು. ಈ ಇಬ್ಬರು ಗಟ್ಟಿಗರು ಉಳಿದ ಸಾಲಿಗೆ ಕೈ ಹಾಕಿ ಮೂಟೆ ಎತ್ತುವ ರಭಸದಲ್ಲೇ ಗಿಡ ಎಳೆದರು. ಕಾಯಿ ಪಟಪಟ ಉದುರಿದವು.

"ಯಪ್ಪಾ, ನಿಂದರ್ರೋ!" ಎಂದು ಅವ್ವ ಕಳಕವ್ವ ಓಡಿದಳು. "ಹಿಂಗ ಕಿತ್ರ ನನ್ನ ಕಡ್ಲಿ ಎಲ್ಲಾ ಇರುವಿ ಪಾಲಾಕ್ಕತಿ. ಬರ್ರಿ, ನೆಳ್ಳಿಗೆ ಕುಂದರ್ರಿ, ಉಣ್ರಿ."

ಮಾಬೂಬಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಏನಬೇ ದೇವಿಕಾ, ನಿನ್ನ ಮುಯ್ಯಾಳ ಒಬ್ಬರು ಅಂದಿದ್ದಿ. ಒಬ್ಬರಿಗಿ ಇಬ್ಬರಾಗ್ಯಾರಲ್ಲ!"

ದೇವಿಕಾಳ ಕಿವಿ ಬಿಸಿಯಾಯಿತು.

ಈ ಸೀಮೆಯ ಹೊಲಗಳಲ್ಲಿ ಮುಯ್ಯಾಳು ಅಂದರೆ ಎಲ್ಲರಿಗೂ ಗೊತ್ತು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರುತ್ತೀ. ಅದಕ್ಕೆ ಕೂಲಿಯಿಲ್ಲ. ಆದರೆ ಬರುವವರು ನೀವೇ ಆಗಿರಬೇಕು. ನಿಮ್ಮ ಬದಲಿಗೆ ದುಡ್ಡು ಕೊಟ್ಟು ಬೇರೆಯವರನ್ನು ಕಳಿಸಿದರೆ, ನಿಮ್ಮ ಋಣ ತೀರಿದರೆ ಸಾಕು, ನಿಮ್ಮ ಮನೆಯ ಸಂಬಂಧ ಬೇಡ ಎಂದ ಹಾಗೆ.

ಊಟದ ಹೊತ್ತಿಗೆ ಅವ್ವ ಬುಟ್ಟಿ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ. ಒಂದು ಡಬ್ಬಿಯಲ್ಲಿ ಮಾದಲಿ. ಹಬ್ಬವಿಲ್ಲದ ದಿನ ಅವ್ವ ಬೆಲ್ಲ, ಗಸಗಸೆ ಹಾಕಿ ಮಾದಲಿ ಮಾಡಿದ್ದಳು. ಯಾಕೆಂದು ಅವಳೂ ಹೇಳಿರಲಿಲ್ಲ, ಮಗಳೂ ಕೇಳಿರಲಿಲ್ಲ. "ನಮ್ಮ ಟೀಮಿನ್ಯಾಗ ಒಬ್ಬರದು ಕೆಲಸ ನಾ ಮಾಡಿಕೊಟ್ಟಿದ್ದೆ. ಐತವಾರ ಅವರು ಮುಯ್ಯಾಳ ಬರ್ತಾರ," ಎಂದಿದ್ದಳು ದೇವಿಕಾ. "ಹುಡುಗಿಯೇನ?" ಎಂದಿದ್ದಳು ಅವ್ವ. "ಹುಡುಗ." ಅವ್ವ ಒಲೆಯ ಕಡೆ ಮುಖ ತಿರುಗಿಸಿದ್ದಳು. ಅಷ್ಟೇ ಮಾತು. ಮರುದಿನ ಗೋಧಿ ಬೀಸಿಸಿಕೊಂಡು ಬಂದಿದ್ದಳು.

ಮಾದಲಿಯ ಡಬ್ಬಿಯನ್ನು ಅವ್ವ ಈಗ ಹಮಾಲರ ಮುಂದೆ ಇಟ್ಟಳು. "ಉಣ್ರಿ. ನಿಮ್ಮ ತಪ್ಪೇನೈತಿ." ಆಮೇಲೆ ಮಗಳ ಕಡೆ ನೋಡದೆ ಹೇಳಿದಳು: "ಸಾವ್ಕಾರ ಮಂದಿ ಹಿಂಗ. ಆಳ ಕಳಿಸ್ತಾರ, ತಾವು ಬರೂದಿಲ್ಲ. ಸುಗ್ಗಿ ಮುಗದ ಮ್ಯಾಲ ಕುಷ್ಟಗಿಯವರು ನೋಡಾಕ ಬರ್ತೀವಂದಾರ. ನಾ ಇನ್ನ ಅವರಿಗೆ ಹೂಂ ಅಂತೀನಿ."

ದೇವಿಕಾ ರೊಟ್ಟಿ ಮುರಿದಳು. ತುತ್ತು ಬಾಯಿಗೆ ಹೋಗಲಿಲ್ಲ.

*

ಸಂಕ್ರಾಂತಿಗೆ ಮುಂಚೆ ಎಲ್ಲ ಬೇರೆ ಇತ್ತು.

ಗಜೇಂದ್ರಗಡದ ಬಿ.ಎಡ್. ಕಾಲೇಜಿನಲ್ಲಿ ಅವರದು ನಾಲ್ವರ ತಂಡ. ರಾಜೂರಿನ ದೇವಿಕಾ, ಬೆಳವಣಕಿಯ ಭಾಗ್ಯಾ, ಗಜೇಂದ್ರಗಡದವನೇ ಆದ ಮೆಹಬೂಬಸುಭಾನಿ, ನರಗುಂದದ ಅಡತಿ ದಲ್ಲಾಳಿಯ ಮಗ, ಇಲ್ಲಿ ರೂಮು ಮಾಡಿಕೊಂಡಿದ್ದ ಸಿದ್ದಲಿಂಗ. ಶಾಲೆ ಬಿಟ್ಟ ಮಕ್ಕಳ ಮನೆಗಳಿಗೆ ಹೋಗಿ ಮಾತಾಡಿಸಿ ವರದಿ ಬರೆಯುವುದು ಅವರ ಪ್ರಾಜೆಕ್ಟು. ಒಬ್ಬೊಬ್ಬರಿಗೆ ಒಂದೊಂದು ಊರು, ಪಾಲಿಗೆ ಬಂದ ಊರಿನ ಭೇಟಿ ಅವರವರೇ ಮಾಡಬೇಕು ಎಂದು ತಾವೇ ನಿಯಮ ಹಾಕಿಕೊಂಡಿದ್ದರು.

ಭಾಗ್ಯಾಗೆ ತನ್ನ ಊರಿನಲ್ಲಿ ಸಂಕೋಚ ಎಂದು ಬೆಳವಣಕಿ ಸಿದ್ದಲಿಂಗನ ಪಾಲಿಗೆ ಬಂದಿತ್ತು. ಅಷ್ಟರಲ್ಲಿ ಅವನ ತಾಯಿ ಸಿದ್ದವ್ವನನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದರು. ಆಪರೇಷನ್ ಆಯಿತು. ಅವನು ಅಲ್ಲೇ ಉಳಿದ. ದೇವಿಕಾ ಯಾರನ್ನೂ ಕೇಳದೆ ಭಾಗ್ಯಾಳನ್ನು ಜೊತೆಗೆ ಕರೆದುಕೊಂಡು ಬೆಳವಣಕಿಯ ಓಣಿ ಓಣಿ ತಿರುಗಿದಳು.

ಸಂಜೆಯಾದರೆ ಅವನ ಫೋನು.

"ಇವತ್ತ ಯಾರ ಮನಿಗೆ ಹೋಗಿದ್ರಿ?"

"ಒಬ್ಬ ಹುಡುಗ ಸಾಲಿ ಯಾಕ ಬಿಟ್ಟಿ ಅಂದ್ರ, ಮಾಸ್ತರ ಮೀಸಿ ನೋಡಿದ್ರ ಅಂಜಿಕಿ ಬರ್ತೈತಿ ಅಂದ."

"ಹಂಗಾದ್ರ ನಾ ಮೀಸಿ ಬಿಡೂದಿಲ್ಲ."

"ನಿಮಗ ಬರ್ತಾವೇನು ಮೀಸಿ?"

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ನಗು ದೊಡ್ಡದಾಗಿ ಕೇಳಿ, ಯಾರೋ ಸಿಸ್ಟರು ಗದರಿದ್ದೂ ಕೇಳಿಸಿತ್ತು. ಕ್ರಮೇಣ ಮಾತಿನಿಂದ ಬೆಳವಣಕಿ ಬಿಟ್ಟುಹೋಯಿತು. ‘ರಿ’ ಕೂಡ ಬಿಟ್ಟುಹೋಯಿತು. ಅವನು ತಾಯಿಗೆ ಜಡೆ ಹಾಕಲು ಕಲಿತದ್ದನ್ನು ಹೇಳಿದ. ಅವಳು, ಸಹಪಾಠಿಗಳ ಮುಂದೆ ಕನ್ನಡ ಪಾಠ ಮಾಡಿ ತೋರಿಸುವಾಗ ತನಗೆ ಕೊನೆಯ ಬೆಂಚಿನಲ್ಲಿ ಯಾರು ಕೂತಿದ್ದಾರೆಂದು ಮೊದಲು ನೋಡುವ ಅಭ್ಯಾಸ ಇದೆ ಎಂದಳು. ಕೊನೆಯ ಬೆಂಚಿನಲ್ಲಿ ಯಾವಾಗಲೂ ಕೂರುತ್ತಿದ್ದವನು ಅವನೇ.

ತಾಯಿ ಗುಣವಾಗಿ ಅವನು ಮರಳಿ ಬಂದ ದಿನ, ಲೈಬ್ರರಿಯ ಕಿಟಕಿಯ ಹತ್ತಿರ ಎದುರು ಕೂತಿದ್ದ. ಹೊರಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಅವನು ಪುಸ್ತಕದ ಪುಟ ತಿರುವುತ್ತಿರಲಿಲ್ಲ. ಅವಳು ತಲೆಯೆತ್ತಿದರೆ ಅವನ ಕಣ್ಣು ಕಿಟಕಿಗೆ ಹೋಗುತ್ತಿತ್ತು, ತಗ್ಗಿಸಿದರೆ ಮರಳಿ ಬರುತ್ತಿತ್ತು.

"ನೀ ಮಾಡಿದ್ದನ್ನ ಹ್ಯಾಂಗ ತೀರಿಸ್ಲಿ?" ಎಂದು ಕೊನೆಗೆ ಕೇಳಿದ.

"ಐತವಾರ ನಮ್ಮ ಕಡ್ಲಿ ಕೀಳ್ತೀವಿ. ಮುಯ್ಯಿ ತೀರ್ಸು."

"ಆತು. ತೀರಿಸ್ತೀನಿ," ಎಂದ. ನಕ್ಕ. ಅವಳೂ ನಕ್ಕಳು. ಇಬ್ಬರಿಗೂ ಎಲ್ಲ ಅರ್ಥವಾಗಿದೆ ಎಂದು ಅವಳು ನಂಬಿದ್ದಳು.

ಅವ್ವ ಅವನನ್ನು ಒಮ್ಮೆ ನೋಡಲಿ ಎಂಬುದು ಅವಳ ಆಸೆಯಾಗಿತ್ತು. ಕುಷ್ಟಗಿಯವರಿಗೆ ಮಾತು ಕೊಡುವ ಮುಂಚೆ, ಇಬ್ಬನಿಯಲ್ಲಿ ಕೈ ತೋಯಿಸಿಕೊಂಡು ಅವ್ವನ ಪಕ್ಕದ ಸಾಲಿನಲ್ಲಿ ಅವನು ಕೂತಿರುವುದನ್ನು ನೋಡಲಿ. ಇದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಅವನಿಗೂ.

*

ಸೋಮವಾರ ಸುಭಾನಿಯ ಲ್ಯಾಪ್‌ಟಾಪಿನಲ್ಲಿ ವರದಿಯ ಮೊದಲ ಪುಟ ತೆರೆದಿತ್ತು. ನಾಲ್ಕು ಹೆಸರು. ದೇವಿಕಾ ನಿಂತುಕೊಂಡೇ ಕೀಲಿಮಣೆಗೆ ಬೆರಳು ಇಟ್ಟು ಒಂದು ಹೆಸರನ್ನು ಅಳಿಸಿದಳು. ಮೂರು ಉಳಿದವು.

"ಏ, ಏನ್ ಮಾಡಿದಿ!" ಎಂದ ಸುಭಾನಿ.

"ಬೆಳವಣಕಿಗೆ ಹೋದವರು ನಾವು. ಅವರು ಹೋಗಿಲ್ಲ. ಹೋಗದವರ ಹೆಸರ ಯಾಕ?"

"ಅಕ್ಕಾ, ಚಾರ್ಟ್ ಎಲ್ಲಾ ಅಂವ ಮಾಡ್ಯಾನ. ವರದಿ ಬರದವನೂ ಅಂವನ. ಹೆಸರ ತಗದ್ರ ಈ ಪೇಪರಿನ್ಯಾಗ ಅವಂಗ ಮಾರ್ಕ್ಸ್ ಇಲ್ಲ. ಫೇಲ್ ಆಗ್ತಾನ."

"ಆಗ್ಲಿ."

ಅದೇ ಹೊತ್ತಿಗೆ ಸಿದ್ದಲಿಂಗ ಬಾಗಿಲಲ್ಲಿ ಕಾಣಿಸಿದ. ಮುಖದ ತುಂಬ ನಗು. ತಾನು ಒಳ್ಳೆಯ ಕೆಲಸ ಮಾಡಿ ಬಂದಿದ್ದೇನೆ, ಈಗ ಮೆಚ್ಚುಗೆ ಬರುತ್ತದೆ ಎಂದು ಕಾಯುವವನ ನಗು.

"ಕಡ್ಲಿ ಮುಗೀತಾ? ನಮ್ಮ ಅಂಗಡಿಯೊಳಗ ಎಲ್ಲಾರಕಿಂತ ಗಟ್ಟಿ ಇದ್ದವರನ್ನ ಕಳಿಸಿದ್ದೆ."

"ಮುಗೀತ್ರಿ."

"ರಿ?" ಎಂದು ಅವನು ಬೆಪ್ಪಾಗಿ ನೋಡಿದ.

"ಹೌದ್ರಿ. ಸಾವ್ಕಾರ್ರಿಗೆ ರಿ ಅನ್ನಬೇಕಲ್ರಿ. ನಿಮ್ಮ ಮುಯ್ಯಿ ತೀರೈತಿ. ಇನ್ನ ನನಗೂ ನಿಮಗೂ ಏನೂ ಇಲ್ಲ."

ಅವನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ತುಟಿಯ ಒಂದು ಬದಿಯಲ್ಲಿ ಸ್ವಲ್ಪ ಹೊತ್ತು ಉಳಿದು, ಏನು ಮಾಡಬೇಕೆಂದು ತಿಳಿಯದೆ ಆಮೇಲೆ ಹೋಯಿತು. ಅದನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟು ಇನ್ನೂ ಏರಿತು.

*

ಜಗಳ ಸುವರ್ಣಾ ಮೇಡಂ ಕಿವಿಗೆ ಹೋಯಿತು. ಅವರು ಶಿಕ್ಷಕರ ನೈತಿಕತೆ ಎಂಬ ಪೇಪರು ಕಲಿಸುತ್ತಿದ್ದರು. ಮೂಗಿನ ತುದಿಗೆ ಕನ್ನಡಕ ಇಳಿಸಿ ನಾಲ್ವರನ್ನೂ ನೋಡಿದರು.

"ಪುಸ್ತಕದಾಗಿನ ಉದಾಹರಣೆ ಹೇಳಿ ಹೇಳಿ ನನಗ ಬ್ಯಾಸರಾಗಿತ್ತು. ನಿಮ್ಮದು ಚಲೋ ಐತಿ. ಬುಧವಾರ ಕ್ಲಾಸಿನ ಮುಂದ ನಿಮ್ಮ ಜಗಳ ಇಡ್ರಿ. ಒಬ್ಬರಿಗೆ ಒಂದ ಸಿದ್ಧಾಂತ. ಹೆಸರ ಇರಬೇಕೋ ಬ್ಯಾಡೋ, ಅವತ್ತ ನೀವ ತೀರ್ಮಾನ ಮಾಡ್ರಿ. ನಾ ಸಹಿ ಹಾಕ್ತೀನಿ."

ಬುಧವಾರ ತರಗತಿ ತುಂಬಿತ್ತು. ಬೇರೆ ವಿಭಾಗದವರೂ ಬಂದು ಹಿಂದೆ ನಿಂತಿದ್ದರು. ಜಗಳ ನೋಡುವುದೆಂದರೆ ಯಾರಿಗೆ ಬೇಡ.

ಮೊದಲು ಸುಭಾನಿ ಎದ್ದ. ಕೆಲಸದ ಫಲ ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುವ ಸಿದ್ಧಾಂತ ಅವನದು. "ಹೆಸರ ಇದ್ರ ನಾಲ್ಕು ಮಂದಿ ಪಾಸ್. ತಗದ್ರ ಮೂರ ಮಂದಿ ಪಾಸ್, ಒಬ್ಬ ಫೇಲ್, ಮತ್ತ ನಾವು ಮೂವರೂ ಅವನ ಮುಖಾ ನೋಡಾಕ ಆಗದ ಕಾಲೇಜ ಬಿಡ್ತೀವಿ. ನನ್ನ ಲೆಕ್ಕ ಇಷ್ಟ. ಮತ್ತ ಚಹಾ ಯಾರ ಕುಡಿಸ್ತಾರ? ಅಂವನ ಕುಡಿಸ್ತಿದ್ದ." ತರಗತಿ ನಕ್ಕಿತು.

ಭಾಗ್ಯಾ ಮೆತ್ತಗಿನ ಹುಡುಗಿ. ಅವಳದು ಆರೈಕೆಯ ಸಿದ್ಧಾಂತ. ಯಾರಿಗೆ ಯಾರು ಬೇಕಾಗಿದ್ದರು, ಯಾರು ಯಾರನ್ನು ಕಾಯಬೇಕಿತ್ತು ಎಂದು ಕೇಳುವುದು. "ಅವರವ್ವ ಅವತ್ತ ದವಾಖಾನ್ಯಾಗ ಇದ್ರು. ಬೆಳವಣಕಿಗೆ ಬಂದಿದ್ರ ನಾನ ಅವರಿಗೆ ಬೈತಿದ್ದೆ," ಎಂದಳು. ಆಮೇಲೆ ದೇವಿಕಾಳ ಕಡೆ ತಿರುಗಿದಳು. "ಅವತ್ತ ನೀನೂ ಹಿಂಗ ಅಂದಿದ್ದಿ ಅಲಾ?"

ದೇವಿಕಾಳದು ಕರ್ತವ್ಯದ ಸಿದ್ಧಾಂತ. ಅವಳು ಎದ್ದು ನಿಂತು ಯಾರನ್ನೂ ನೋಡದೆ, ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದಳು. ನಿಯಮ ಎಲ್ಲರೂ ಸೇರಿ ಮಾಡಿದ್ದು. ಒಬ್ಬರಿಗೆ ಅದನ್ನು ಸಡಿಲ ಮಾಡಿದರೆ ಎಲ್ಲರಿಗೂ ಮಾಡಬೇಕು. ನಾಳೆ ನಾವೇ ಮಾಸ್ತರರಾಗಿ, ಓದದ ಹುಡುಗನಿಗೆ ಮನೆಯ ತಾಪತ್ರಯ ನೋಡಿ ಮಾರ್ಕ್ಸ್ ಕೊಡಬೇಕಾಗುತ್ತದೆ. ಮಾತು ಗಟ್ಟಿಯಾಗಿತ್ತು. ಒಂದಿಬ್ಬರು ತಲೆಯಾಡಿಸಿದರು. ಆ ಮಾತೆಲ್ಲ ಯಾರದೋ ಬಾಯಿಂದ ಬರುತ್ತಿರುವ ಹಾಗೆ ಅವಳಿಗೇ ಕೇಳಿಸುತ್ತಿತ್ತು.

ಕೊನೆಗೆ ಸಿದ್ದಲಿಂಗ. ಮನುಷ್ಯನ ಗುಣ ನೋಡುವ ಸಿದ್ಧಾಂತ ಅವನ ಪಾಲಿಗೆ ಬಂದಿತ್ತು. ಒಳ್ಳೆಯ ಮನುಷ್ಯ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂದು ಅವನು ಹೇಳಬೇಕಿತ್ತು.

"ನಾ ಎಂಥಾವ ಅಂತ ನಾನ ಹ್ಯಾಂಗ ಹೇಳ್ಲಿ," ಎಂದ. ಎರಡು ದಿನದಿಂದ ನಿದ್ದೆ ಇಲ್ಲದ ಕಣ್ಣು. "ಬೆಳವಣಕಿಗೆ ನಾ ಹೋಗಿಲ್ಲ, ಅದು ಖರೇ. ನನ್ನಿಂದ ಟೀಮಿನ್ಯಾಗ ಜಗಳ ಬ್ಯಾಡ. ಹೆಸರ ತಗೀರಿ. ಮುಂದಿನ ವರ್ಷ ಪರೀಕ್ಷಾ ಕಟ್ತೀನಿ."

ಹೇಳಿ ಕೂತುಬಿಟ್ಟ.

ಅವನು ವಾದ ಮಾಡಿದ್ದರೆ, ಕೂಗಿದ್ದರೆ, ನೀನು ಸುಳ್ಳಿ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇಷ್ಟು ಸುಲಭವಾಗಿ ಬಿಟ್ಟುಕೊಟ್ಟ. ಹೊಲವನ್ನು ಬಿಟ್ಟುಕೊಟ್ಟ, ಹೆಸರನ್ನು ಬಿಟ್ಟುಕೊಟ್ಟ. ನಾಳೆ ಕುಷ್ಟಗಿಯವರು ಬಂದರೆ ಇವನು ಹೀಗೇ ತಲೆ ತಗ್ಗಿಸಿ, ಆಗಲಿ, ಒಳ್ಳೆಯದಾಗಲಿ ಎನ್ನುತ್ತಾನೆ. ಅವಳ ಎದೆಯಲ್ಲಿ ಮೂರು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿತು.

"ಯಾವಾಗ್ಲೂ ಹಿಂಗ ಮಾಡ್ತೀರಿ ನೀವು!" ಎಂದು ಎದ್ದೇ ಬಿಟ್ಟಳು. "ಬರಬೇಕಾದಲ್ಲಿ ನೀವು ಬರೂದಿಲ್ಲ. ಆಳ ಕಳಿಸ್ತೀರಿ. ಮಾತಾಡಬೇಕಾದಲ್ಲಿ ಮಾತಾಡೂದಿಲ್ಲ. ತ್ಯಾಗಾ ಮಾಡ್ತೀರಿ. ನಿಮ್ಮ ತ್ಯಾಗಾ ಯಾರಿಗೆ ಬೇಕಾಗೈತಿ? ಒಂದ ಸಲರೆ ಗಟ್ಟ್ಯಾಗಿ ನಿಂತು, ಇದು ನಂದು, ನಾ ಬಿಡೂದಿಲ್ಲ ಅಂತ ಅನ್ರಿ ನೋಡೋಣು!"

ಮುಂದಿನ ಬೆಂಚಿನಿಂದ ಸುಭಾನಿ ಮೆಲ್ಲಗೆ ಕೇಳಿದ: "ಮೇಡಂ, ಇದು ಯಾವ ಸಿದ್ಧಾಂತ್ರಿ?"

ಸುವರ್ಣಾ ಮೇಡಂ ನಗಲಿಲ್ಲ. "ದೇವಿಕಾ, ಬೆಳವಣಕಿಗೆ ಯಾವಾಗ ಹೋಗಿದ್ದಿ?"

"ಸಂಕ್ರಾಂತಿ ಮುಂಚೇರಿ."

"ಈ ನಿಯಮ ನಿನಗ ಯಾವಾಗ ನೆನಪಾತು?"

ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ನುಂಗಿಕೊಳ್ಳಬಹುದಿತ್ತು. ತರಗತಿಯ ತುಂಬ ಕಣ್ಣುಗಳು, ಅವುಗಳ ನಡುವೆ ತಲೆ ತಗ್ಗಿಸಿ ಕೂತ ಒಬ್ಬ.

"ಐತವಾರ್ರಿ," ಎಂದಳು.

"ನಡುವ ಇಷ್ಟ ದಿನಾ ನಿಯಮ ಎಲ್ಲಿತ್ತು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ದೇವಿಕಾಳ ಕಣ್ಣಲ್ಲಿ ನೀರು ಬಂತು. ಅವಮಾನದ ನೀರು ಅದು, ಅದಕ್ಕೇ ಒರೆಸಿಕೊಳ್ಳಲಿಲ್ಲ. ಕರ್ತವ್ಯ ಕರ್ತವ್ಯ ಎಂದು ಅಷ್ಟು ಹೊತ್ತು ಹೇಳಿದಳಲ್ಲ, ಆ ಸಿದ್ಧಾಂತವೇ ಈಗ ಅವಳ ತೋಳು ಹಿಡಿದು ನಿಲ್ಲಿಸಿತ್ತು. ತನ್ನ ನೋವಿಗೆ ಒಂದು ಬಡಿಗೆ ಬೇಕಾಗಿತ್ತು. ತಂಡದ ನಿಯಮ ಕೈಗೆ ಸಿಕ್ಕಿತು, ಅದನ್ನೇ ಬೀಸಿದಳು. ಅದರ ಏಟಿಗೆ ಒಬ್ಬನ ವರ್ಷ ಹೋಗುವುದರಲ್ಲಿತ್ತು.

"ಹೆಸರ ಇರ್ಲಿರಿ ಮೇಡಂ," ಎಂದಳು. ದನಿ ಒಡೆದಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ಬೆಳವಣಕಿ ಭೇಟಿ ನಾನೂ ಭಾಗ್ಯಾ ಮಾಡಿದ್ವಿ ಅಂತ ಖರೇ ಬರೀತೀವಿ. ಚಾರ್ಟು, ವರದಿ ಅವರು ಮಾಡ್ಯಾರ ಅಂತ ಅದನ್ನೂ ಬರೀತೀವಿ. ನಾ ಹೆಸರ ತಗದದ್ದು ನಿಯಮಕ್ಕಲ್ಲ. ನನ್ನ ಸಿಟ್ಟಿಗೆ."

"ಸಿಟ್ಟು ಯಾಕ?"

"ಅದು ಈ ಪೇಪರಿನ್ಯಾಗ ಬರೂದಿಲ್ರಿ."

ಮೇಡಂ ಕನ್ನಡಕ ಮೇಲಕ್ಕೆ ಏರಿಸಿಕೊಂಡರು. "ಬಂದ್ರೂ ನಾ ಮಾರ್ಕ್ಸ್ ಕೊಡಾಕ ಆಗೂದಿಲ್ಲ ಬಿಡು," ಎಂದು ಸಹಿ ಹಾಕಿದರು.

*

ಬಸ್‌ಸ್ಟ್ಯಾಂಡಿನಲ್ಲಿ ಅವನು ಅವಳನ್ನು ಹಿಡಿದ. ನಡೆದು ಬಂದಿರಲಿಲ್ಲ, ಓಡಿ ಬಂದಿದ್ದ. ಕಬ್ಬಿನ ಹಾಲಿನ ಗಾಡಿಯ ಪಕ್ಕ ಅವಳ ದಾರಿಗೆ ಅಡ್ಡ ನಿಂತ.

"ಈಗ ಹೇಳು."

"ಬಿಡ್ರಿ ದಾರಿ. ಬಸ್ ಬರ್ತೈತಿ."

"ಬರ್ಲಿ, ಹೋಗ್ಲಿ. ಮತ್ತ ರಿ ಅಂದ್ರ ನೋಡು!" ಅವನ ದನಿ ಏರಿತ್ತು. ಅವನು ಸಿಟ್ಟಾಗಿದ್ದನ್ನು ಅವಳು ಇದೇ ಮೊದಲು ನೋಡಿದ್ದು. ಮೂಗಿನ ಹೊಳ್ಳೆ ಅರಳಿ, ಕಿವಿ ಕೆಂಪಾಗಿ, ಯಾವಾಗಲೂ ಕಿಟಕಿಗೆ ಓಡಿಹೋಗುತ್ತಿದ್ದ ಕಣ್ಣು ಈಗ ಅವಳ ಮುಖ ಬಿಟ್ಟು ಕದಲುತ್ತಿರಲಿಲ್ಲ. "ಇಡೀ ಕ್ಲಾಸಿನ ಮುಂದ ನನ್ನ ನಿಂದ್ರಿಸಿ ಬೈದಿ. ಆಳ ಕಳಿಸ್ತೀರಿ ಅಂದಿ. ನಾ ಮಾಡಿದ್ದು ತಪ್ಪು ಅಂತ ಗೊತ್ತಾತು, ಏನ ತಪ್ಪು ಅಂತ ಗೊತ್ತಾಗವಲ್ಲದು. ಕಡ್ಲಿ ಕೀಳೂದೈತಿ ಅಂದಿ, ಮಂದಿ ಕಳಿಸಿದೆ. ನಮ್ಮ ಮನ್ಯಾಗ ಹಂಗ. ಯಾರಿಗರೆ ಋಣಾ ಇದ್ರ ಚಲೋ ಆಳ ಕಳಿಸಿ ಕೆಲಸಾ ಮಾಡಿಸಿ ಕೊಡ್ತಾರ."

"ಮುಯ್ಯಿಗೆ ಆಳ ಕಳಿಸ್ತಾರೇನು? ನೀ ಬರಬೇಕಾಗಿತ್ತು!"

"ನಾ ಬಂದು ಏನ ಮಾಡ್ಲಿ? ನನಗ ಕಡ್ಲಿ ಕೀಳಾಕ ಬರೂದಿಲ್ಲ ದೇವಿಕಾ! ಹುಟ್ಟಿದಾಗಿಂದ ಚೀಲದಾಗಿನ ಕಡ್ಲಿ ನೋಡೀನಿ, ಗಿಡದಾಗಿನ ಕಡ್ಲಿ ನೋಡಿಲ್ಲ. ನಿಮ್ಮವ್ವನ ಮುಂದ, ನಿಮ್ಮೂರ ಹೆಣ್ಮಕ್ಕಳ ಮುಂದ ನಾಕ ಗಿಡಾ ಕಿತ್ತು ಬೆನ್ನ ಹಿಡಕೊಂಡು ಕುಂತಿದ್ರ ಎಲ್ಲಾರೂ ನಕ್ಕಿರತಿದ್ರು. ನಿನ್ನ ಮುಂದ ನಗಿಗೇಡ ಆಗೂದು ನನಗ ಬ್ಯಾಡಾಗಿತ್ತು. ಅದಕ್ಕ ಅಂಜಿದೆ. ಸಾಕಾ?"

"ನಗ್ಲಿ ಅಂತನ ಕರದಿದ್ದೆ!" ಎಂದಳು ಅವಳು. ಕಬ್ಬಿನ ಹಾಲು ಕುಡಿಯುತ್ತಿದ್ದ ಮುದುಕನೊಬ್ಬ ಲೋಟ ಕೆಳಗಿಳಿಸಿದ. ಅವಳಿಗೆ ಪರಿವೆ ಇರಲಿಲ್ಲ. "ನಮ್ಮವ್ವ ನಕ್ಕಿದ್ರ ನೀ ಆಕಿಗೆ ಹಿಡಿಸಿದಿ ಅಂತ ಗೊತ್ತಾಗ್ತಿತ್ತು. ಆಕಿ ಹಿಡಿಸದವರ ಮುಂದ ನಗೂದಿಲ್ಲ. ಮಾದಲಿ ಮಾಡಿದ್ಳು ನಿನಗಂತ. ನಿಮ್ಮ ಹಮಾಲರು ಉಂಡ ಹೋದ್ರು."

ಅವನಿಗೆ ನಿಧಾನವಾಗಿ ಅರ್ಥವಾಗತೊಡಗಿತು.

"ನಿಮ್ಮವ್ವನಿಗೆ ನನ್ನ ತೋರಸಾಕ ಕರದಿದ್ದೇನ?"

ಅವಳು ಬೇರೆ ಕಡೆ ನೋಡಿದಳು.

"ಮತ್ತ ನನಗ ಯಾಕ ಹೇಳ್ಲಿಲ್ಲ?" ಅವನ ದನಿ ಈಗ ತಗ್ಗಿತ್ತು, ಸಿಟ್ಟು ಹಾಗೆಯೇ ಇತ್ತು. "ನನಗ ಪರೀಕ್ಷಾ ಇಟ್ಟಿ. ಪರೀಕ್ಷಾ ಐತಿ ಅಂತ ಹೇಳಲಿಲ್ಲ. ಮ್ಯಾಲ ಫೇಲ್ ಮಾಡಿದಿ. ಯಾವ ಮಾಸ್ತರ ಹಿಂಗ ಮಾಡ್ತಾನ?"

ಆ ಮಾತು ಅವಳಿಗೆ ನಾಟಿತು. ಇಷ್ಟು ದಿನ ಅವನೊಬ್ಬನೇ ಬರಲಿಲ್ಲ ಎಂದುಕೊಂಡಿದ್ದಳು. ತಾನೂ ಬಂದಿರಲಿಲ್ಲ. ತನ್ನ ಬದಲಿಗೆ ಮುಯ್ಯಿ ಎಂಬ ಒಂದು ಪದ್ಧತಿಯನ್ನು ಮುಂದೆ ಕಳಿಸಿ, ತಾನು ಅದರ ಹಿಂದೆ ನಿಂತಿದ್ದಳು. ಅವನಿಗೆ ನನಗೆ ನೀನು ಬೇಕು ಎಂದು ಹೇಳಲಿಲ್ಲ. ಅವ್ವನಿಗೆ ಇವನು ನನಗೆ ಬೇಕಾದವನು ಎಂದು ಹೇಳಲಿಲ್ಲ. ಹೆಣ್ಣುಮಕ್ಕಳು ಕೇಳಬಾರದು, ಗಂಡಸರು ತಾವೇ ತಿಳಿದುಕೊಳ್ಳಬೇಕು ಎಂದು ಯಾರೂ ಕಲಿಸದೆ ಕಲಿತ ಪಾಠ. ಅವನು ತಿಳಿದುಕೊಳ್ಳಲಿಲ್ಲ, ಅದಕ್ಕೆ ಅವನಿಗೆ ಶಿಕ್ಷೆ.

"ಸುಗ್ಗಿ ಮುಗದ ಮ್ಯಾಲ ನನ್ನ ನೋಡಾಕ ಬರ್ತಾರ," ಎಂದಳು. "ಕುಷ್ಟಗಿಯಿಂದ."

ಹಾರ್ನ್ ಹೊಡೆಯುತ್ತ ರೋಣದ ಬಸ್ಸು ಬಂತು, ಹೋಯಿತು. ಅದರ ಧೂಳು ಇಬ್ಬರ ನಡುವೆ ಬಿದ್ದು ಸರಿಯಿತು.

"ನೀ ಏನ ಅಂದಿ?"

"ನಾ ಏನ ಅನ್ಲಿ? ನನ್ನ ಮುಯ್ಯಾಳ ಹೊಲಕ್ಕ ಬರ್ಲಿಲ್ಲ."

"ದೇವಿಕಾ," ಎಂದ. ಅವಳ ಹೆಸರನ್ನು ಅವನು ಆಸ್ಪತ್ರೆಯ ಕಾರಿಡಾರಿನಿಂದ ಹೇಳುತ್ತಿದ್ದ ದನಿ ಅದು, ಯಾರಿಗೂ ಕೇಳಿಸಬಾರದೆಂದು ಹೇಳಿದ್ದು. "ನೀ ಕ್ಲಾಸಿನ್ಯಾಗ ಏನೋ ಅನ್ನು ಅಂದಿ ನನಗ. ಇದು ನಂದು, ಬಿಡೂದಿಲ್ಲ ಅಂತ. ಆ ವರದಿ ಮ್ಯಾಲಿನ ಹೆಸರಿಗೆ ಹಂಗ ಅನ್ನಾಕ ನನಗ ಬರ್ಲಿಲ್ಲ. ಅದು ಹೋದ್ರ ಹೋಗ್ತಿತ್ತು."

ಉಳಿದದ್ದನ್ನು ಅವನು ಹೇಳಲಿಲ್ಲ. ಅವಳನ್ನೇ ನೋಡುತ್ತ ನಿಂತ. ರೆಪ್ಪೆ ಬಡಿಯುವುದನ್ನೂ ಮರೆತ ಹಾಗೆ, ಕಬ್ಬಿನ ಗಾಣದ ಗೆಜ್ಜೆ ಝಲ್ಲೆನ್ನುತ್ತಿದ್ದರೂ ಅತ್ತ ಕಣ್ಣು ಹೊರಳಿಸದೆ. ಅವಳ ಕುತ್ತಿಗೆಯಿಂದ ಮೇಲಕ್ಕೆ ಬಿಸಿ ಹರಿಯಿತು. ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನ ಜೊತೆಗೆ ಇನ್ನೊಂದು ಬಂದು ಕೂತು, ಅವೆರಡೂ ಜಾಗಕ್ಕಾಗಿ ಒತ್ತಾಡುತ್ತಿದ್ದವು.

"ಪೂರ್ತಿ ಹೇಳು," ಎಂದಳು ಗದರಿಸಿ. "ಅರ್ಧಾ ಹೇಳಿ ಬಿಡಬ್ಯಾಡ."

"ನಿನ್ನ ಬಿಡೂದಿಲ್ಲ," ಎಂದ ಅವನೂ ಗದರಿಸಿ.

ಮುದುಕ ಲೋಟ ಖಾಲಿ ಮಾಡಿ, "ಇನ್ನೊಂದ ಹಾಕಪಾ, ಇನ್ನೂ ಮುಗದಿಲ್ಲ," ಎಂದ ಗಾಡಿಯವನಿಗೆ.

ರಾಜೂರಿನ ಬಸ್ಸು ಬಂತು. ದೇವಿಕಾ ಹತ್ತಿದಳು. ಕಿಟಕಿಯ ಪಕ್ಕ ಕೂತು ಆಧಾರ್ ಕಾರ್ಡು ಹುಡುಕುತ್ತಿರುವಾಗ ಪಕ್ಕದ ಸೀಟು ಕೆಳಗಿಳಿಯಿತು.

"ಆಕಿಗೆ ಫ್ರೀ ಐತ್ರಿ. ನಿಮಗ ಟಿಕೆಟ್ ತಗೋಬೇಕ," ಎಂದ ಕಂಡಕ್ಟರ್. "ಎಲ್ಲಿಗ್ರಿ?"

"ರಾಜೂರ."

ದೇವಿಕಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಕಡ್ಲಿ ಕಿತ್ತು ಮುಗದೈತಿ."

"ಗೊತ್ತೈತಿ."

"ನಮ್ಮ ಹೊಲದಾಗ ಈಗ ನಿನಗ ಮಾಡಾಕ ಏನೂ ಕೆಲಸಾ ಇಲ್ಲ."

"ಅದಕ್ಕ ಈಗ ಬರಾಕತ್ತೀನಿ."

ಬಸ್ಸು ಊರು ದಾಟಿತು. ಎರಡೂ ಬದಿಗೆ ಕಟಾವಾದ ಎರೆಹೊಲ, ಬಿರುಕು ಬಿಟ್ಟು ಸಂಜೆಯ ಬಿಸಿಲಲ್ಲಿ ಕಪ್ಪಗೆ ಮಲಗಿತ್ತು. ಸೀಟಿನ ಮೇಲೆ ಅವರ ಕೈಗಳ ನಡುವೆ ಒಂದು ಗೇಣಿನ ಜಾಗವಿತ್ತು. ತಿರುವು ಬಂದಾಗ ಜಾಗ ಇಲ್ಲವಾಯಿತು. ತಿರುವು ಮುಗಿದ ಮೇಲೂ ಅವಳು ಕೈ ಸರಿಸಲಿಲ್ಲ. ಅವನ ಬೆರಳಿನ ತುದಿ ಅವಳ ಅಂಗೈಯ ಒಡೆದ ಚರ್ಮಕ್ಕೆ ತಾಗಿ ನಿಂತಿತು.

"ಉರೀತೈತೇನ?"

"ಉರೀದ ಏನ ಮಾಡ್ತೈತಿ," ಎಂದಳು.

*

ಕಳಕವ್ವ ಅಂಗಳದಲ್ಲಿ ಕಡಲೆ ಕೇರುತ್ತಿದ್ದಳು. ಮೊರದಿಂದ ಹೊಟ್ಟು ಹಾರುತ್ತಿತ್ತು. ಮಗಳ ಹಿಂದೆ ಇಸ್ತ್ರಿ ಅಂಗಿಯ ಹುಡುಗನನ್ನು ನೋಡಿ ಮೊರ ನಿಲ್ಲಿಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇವರ್ಯಾರು?"

"ನಾ ಸಿದ್ದಲಿಂಗ್ರಿ," ಎಂದ ಅವನು. "ಐತವಾರ ಆಳ ಕಳಿಸಿದಾವ ನಾನ. ತಪ್ಪಾತ್ರಿ."

"ಹೌದು, ತಪ್ಪಾತು. ಒಂದ ಬುಟ್ಟಿ ಕಡ್ಲಿ ನೆಲಕ್ಕ ಹೋತು," ಎಂದಳು ಕಳಕವ್ವ. ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಅವತ್ತ ಬರ್ಲಿಲ್ಲ. ಈಗ ಯಾ ಕೆಲಸಕ್ಕ ಬಂದೀರಿ? ಇಲ್ಲಿ ಎಲ್ಲಾ ಮುಗದೈತಿ."

ಅವನು ಉತ್ತರಕ್ಕೆ ಬಾಯಿ ತೆರೆದ. ದೇವಿಕಾ ಕೈ ಅಡ್ಡ ಹಿಡಿದಳು. ಈ ಮಾತನ್ನು ತನ್ನ ಬದಲಿಗೆ ಇನ್ಯಾರೂ ಆಡುವ ಹಾಗಿರಲಿಲ್ಲ. ಒಳಗೆ ಅಪ್ಪ ಕೆಮ್ಮಿದ್ದು ಕೇಳಿಸಿತು. ಗೋಡೆಯ ಆಚೆ ಮಾಬೂಬಿಯ ಬಳೆಯ ಸದ್ದು ನಿಂತಿತು.

"ಕೆಲಸಕ್ಕ ಬಂದಿಲ್ಲಬೇ. ನಾ ಕರ್ಕೊಂಡ ಬಂದೀನಿ," ಎಂದಳು. "ನನಗ ಬೇಕಾದವರು ಇವರು. ಕುಷ್ಟಗಿಯವರಿಗೆ ಬರಬ್ಯಾಡ್ರಿ ಅಂತ ಹೇಳು."

ಕಳಕವ್ವನ ಕೈಯಲ್ಲಿ ಮೊರ ಹಾಗೇ ಇತ್ತು. ಅವಳು ಮಗಳನ್ನು ನೋಡಿದಳು, ಹುಡುಗನನ್ನು ನೋಡಿದಳು, ಮತ್ತೆ ಮಗಳನ್ನು ನೋಡಿದಳು.

"ಎಷ್ಟ ಸೊಕ್ಕಬೇ ನಿನಗ," ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿತ್ತು. ಮೊರವನ್ನು ನೆಲಕ್ಕೆ ಇಟ್ಟಳು. "ಮನಿಗೆ ಬಂದವರನ್ನ ಅಂಗಳದಾಗ ನಿಂದ್ರಿಸಿ ಮಾತಾಡಸ್ತೀಯೇನ? ಕಾಲಿಗೆ ನೀರ ಕೊಡು, ಹೋಗು."